ಸೋಮವಾರದಿಂದ ನೀನು ನನ್ನ ಮೇಲಧಿಕಾರಿ

ಪಂಪು ಕಾರ್ಖಾನೆ,
ಗುರುವಾರ

ಪ್ರೀತಿಯ ಪುಟ್ಟಿಗೆ ಅಕ್ಕನ ಆಶೀರ್ವಾದಗಳು. ಮುಂದಿನ ವಾರದಿಂದ ‘ಮಾನ್ಯರೇ’ ಎಂದು ಬರೆಯಬೇಕೋ ಏನೋ!

ಅಭಿನಂದನೆ ಹೇಳುತ್ತೇನೆ, ಅವಸರ ಬೇಡ. ಮೊದಲು ಹೊಟ್ಟೆಯಲ್ಲಿರುವುದನ್ನು ಕಕ್ಕಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚು ಕಣೇ, ತಣ್ಣೀರು ಸುರಿದರೂ ಆರದಂಥದ್ದು.

ನಿನಗೆ ಗೊತ್ತಿಲ್ಲದ್ದೇನಲ್ಲ. ಆ ಹೊರದೇಶದ ಕಂಪನಿಗೆ ಇಲ್ಲಿ ಎರಡು ಅಂಗಸಂಸ್ಥೆಗಳು: ಪಂಪು ತಯಾರಿಸುವ ನನ್ನದು, ಅದನ್ನು ಮಾರುವ ನಿನ್ನದು. ನಾನು ನಿನಗೆ ಯಾವ ದರಕ್ಕೆ ಕೊಡಬೇಕೆಂದು ಗೊತ್ತುಮಾಡುವವರು ಅಲ್ಲಿ ಕೂತವರು. ಆ ದರದಲ್ಲಿ ನನಗೆ ಕಬ್ಬಿಣದ ಖರ್ಚು ಹುಟ್ಟುವುದೇ ಕಷ್ಟ, ಲಾಭವೆಲ್ಲ ನಿನ್ನ ಕಡೆ. ಒಲೆಯ ಮುಂದೆ ಬೆಂದವಳು ನಾನು, ಹೊಗಳಿಕೆ ಬಡಿಸಿದವಳಿಗೆ. ಅವರು ಬಂದಾಗಲೆಲ್ಲ ನಿನ್ನ ಗಾಜಿನ ಕಚೇರಿಯಲ್ಲಿ ಚಪ್ಪಾಳೆ. ನನ್ನಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಒಂದು ಸುತ್ತು, ಖರ್ಚು ಇನ್ನೂ ಇಳಿಸಿ ಎಂಬ ಉಪದೇಶ.

ಈಗ ಎರಡನ್ನೂ ಒಬ್ಬರ ಕೈಕೆಳಗೆ ತಂದಿದ್ದಾರೆ. ಲಾಭ ತೋರಿಸಿದವಳೇ ಒಡತಿ! ನಿನ್ನನ್ನು ಈ ಕಂಪನಿಗೆ ಸೇರಿಸಿದವಳೇ ನಾನು. ಸಂದರ್ಶನಕ್ಕೆ ನನ್ನ ನೀಲಿ ಕೋಟು ಹಾಕಿಕೊಂಡು ಹೋದವಳು ವಾಪಸು ಕೊಡಲೇ ಇಲ್ಲ. ನಿನ್ನ ನೇಮಕದ ಸುತ್ತೋಲೆಯಲ್ಲಿರುವ ಫೋಟೋದಲ್ಲೂ ಅದೇ ಕೋಟು.

ನಮ್ಮ ಫೋರ್‌ಮನ್‌ಗೆ ಮಾತ್ರ ಹಿಗ್ಗೋ ಹಿಗ್ಗು. “ಹೆಂಗೂ ನಿಮ್ಮ ತಂಗಿನೇ ಅಲ್ವಾ ಮೇಡಂ, ಬಡಿಸೋರು ನಮ್ಮೋರಾದ್ರೆ ಪಂಕ್ತಿ ಕೊನೇಲಿ ಕೂತ್ರೇನು?” ಎಂದ. ನಾನೂ ಹಲ್ಲು ಕಿರಿದೆ.

ನಿನ್ನೆ ಅಮ್ಮ ಫೋನು ಮಾಡಿದ್ದಳು. “ಆ ಹುದ್ದೆ ನಮ್ಮಕ್ಕನಿಗೇ ಕೊಡಿ ಅಂತ ಪುಟ್ಟಿ ಅಂದ್ಲಂತೆ ಕಣೇ. ಅವರು ಕೇಳ್ಲಿಲ್ಲ. ಹಾಗಾದ್ರೆ ಅವಳ ಪಂಪಿನ ದರ ಏರಿಸಿ, ಆಮೇಲೆ ಒಪ್ಕೋತೀನಿ ಅಂದ್ಲಂತೆ” ಎಂದಳು. ಏರಿಸಿಯೂಬಿಟ್ಟರಂತೆ. ವರ್ಷಗಟ್ಟಲೆ ನಾನು ಗೋಗರೆದರೂ ಆಗದ್ದು ನಿನ್ನ ಒಂದು ಮಾತಿಗೆ ಆಯಿತು. ನನಗೆ ಸಂತೋಷವಾಗಬೇಕಿತ್ತು, ಇನ್ನಷ್ಟು ಉರಿಯಿತು. ಒಳ್ಳೆಯವಳಾಗುವುದರಲ್ಲೂ ನೀನೇ ಮುಂದಿರಬೇಕೇನೇ?

ಸೋಮವಾರ ಮಧ್ಯಾಹ್ನ ಕಾರ್ಖಾನೆಗೆ ಬರುತ್ತೀಯಂತೆ. ಬಾ. ಕಿವಿಗೆ ಹತ್ತಿ ಮಾತ್ರ ತುರುಕಿಕೊಳ್ಳಬೇಡ.

ಅಭಿನಂದನೆಗಳು.

ನಿನ್ನ
ಅಕ್ಕ

ತಾ.ಕ.: ಸುತ್ತೋಲೆ ಬಂದ ದಿನವೇ ಸಿಟ್ಟಿನಲ್ಲಿ ರಾಜೀನಾಮೆ ಬರೆದು ಹೊರದೇಶದ ಕಚೇರಿಗೆ ಕಳಿಸಿಬಿಟ್ಟೆ. ಇಂಥವನ್ನೆಲ್ಲ ಇನ್ನು ಇಲ್ಲಿಯ ಹೊಸ ಮುಖ್ಯಸ್ಥರೇ ತೀರ್ಮಾನಿಸುತ್ತಾರೆ ಎಂದು ಇವತ್ತು ಉತ್ತರ ಬಂತು. ಸೋಮವಾರ ಬೆಳಗ್ಗೆ ಅದು ನಿನ್ನ ಮೇಜಿನ ಮೇಲಿರುತ್ತದೆ. ಸಹಿ ಹಾಕಬೇಡ ಪುಟ್ಟಿ. ಕೋಟು ನೀನೇ ಇಟ್ಟುಕೋ.