ಬರಿಹೊಟ್ಟೆಯ ಮಾತ್ರೆ

ಫೆಬ್ರವರಿ 3, ಬೆಳಿಗ್ಗೆ 7.10

ಸಕ್ಕರೆ 168. ಇನ್ಸುಲಿನ್ 18 ಯೂನಿಟ್. ಎಡ ತೋಳು. ಚುಚ್ಚಿದ್ದು ಸೊಸೆ ದೀಪಿಕ. ಸಿರಿಂಜಿನ ಗೆರೆ ನನ್ನ ಕಣ್ಣಿಗೆ ಕಾಣದೆ ಎರಡು ವರ್ಷವಾಯಿತು. ಈ ಡೈರಿಯನ್ನೂ ಕಾಗುಣಿತ ಕಲಿಯುವ ಮಗುವಿನ ಹಾಗೆ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಸೊಸೆಯ ಕೈ ಹಗುರ, ಅದೊಂದು ಒಪ್ಪಬೇಕು. ಮಿಕ್ಕದ್ದೆಲ್ಲ ಭಾರ.

ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುತ್ತಾಳೆ. ಆಮೇಲೆ ಒಂದು ಗಂಟೆ ಏನೂ ಮುಟ್ಟುವ ಹಾಗಿಲ್ಲವಂತೆ. ಮದುವೆಗೆ ಮುಂಚೆ ದುದ್ದದ ಬೀಗರು ಈ ಕಾಯಿಲೆಯ ಮಾತೇ ಎತ್ತಲಿಲ್ಲ. ಮಾತ್ರೆಯ ಬಾಟಲಿ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಅಡಗಿ ಬಂತು. ಆ ಉರಿ ಇನ್ನೂ ಆರಿಲ್ಲ.

ಫೆಬ್ರವರಿ 9

ಮೂವತ್ತೆರಡು ವರ್ಷ ಮದ್ದೂರಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಥೈರಾಯ್ಡ್ — ಕತ್ತಿನಲ್ಲಿರುವ ಚಿಟ್ಟೆಯಾಕಾರದ ಗ್ರಂಥಿ. ಎರಡು ಅಂಕದ ಪ್ರಶ್ನೆ. ಇವಳು ನನಗೇ ಪಾಠ ಹೇಳುತ್ತಾಳೆ.

"ಇದು ನಿಂತ್ರೆ ಮೈಯೆಲ್ಲ ನಿಧಾನ ಆಗ್ಬುಡ್ತದೆ ಕಣತ್ತೆ."

ಈಗೇನು ಓಡುತ್ತಿದ್ದಾಳೋ!

ಮಗ ಸ್ವರೂಪ್‌ಗೆ ಬ್ಲಫ್ ಅನ್ನುವ ಊರಿನ ಪವರ್ ಸ್ಟೇಷನ್ನಿನಲ್ಲಿ ಡ್ಯೂಟಿ, ವಾರವೆಲ್ಲ ಅಲ್ಲೇ. ಶನಿವಾರ ಬರುತ್ತಾನೆ. "ಮಾತ್ರೆ ತಗೊಂಡ್ಯಾ?" ಅಂತ ಹೆಂಡತಿಯನ್ನು ಕೇಳುತ್ತಾನೆ. ತಾಯಿಯ ಸಕ್ಕರೆ ಎಷ್ಟಿದೆ ಅಂತ ಕೇಳುವುದಿಲ್ಲ.

ಫೆಬ್ರವರಿ 12, ಮಧ್ಯಾಹ್ನ

ಮಾಡಿಬಿಟ್ಟೆ.

ಅವಳು ತರಕಾರಿಗೆ ಹೋಗಿದ್ದಳು. ನಾನು ಕಾಫಿಗೆ ಸಕ್ಕರೆ ಬದಲು ಹಾಕಿಕೊಳ್ಳುವ ಸಿಹಿ ಮಾತ್ರೆ — ಅಷ್ಟೇ ಗಾತ್ರ, ಅಷ್ಟೇ ಬಿಳಿ. ಅವಳ ಬಾಟಲಿಯಲ್ಲಿದ್ದುದನ್ನು ಬಚ್ಚಲಿಗೆ ಸುರಿದು ಇವನ್ನು ತುಂಬಿಟ್ಟೆ. ನೀರಿನ ಜೊತೆ ಗುಟುಕ್ಕನೆ ನುಂಗುವವಳು, ನಾಲಗೆಗೆ ತಾಗುವುದಿಲ್ಲ. ಒಂದು ತಿಂಗಳು ನೋಡೋಣ. ಕಾಯಿಲೆಯೋ ನಾಟಕವೋ ಗೊತ್ತಾಗಲಿ. ಪ್ರಯೋಗ ಮಾಡದೆ ನಂಬಬೇಡಿ ಅಂತ ಕ್ಲಾಸಿನಲ್ಲಿ ನಾನೇ ಹೇಳುತ್ತಿದ್ದೆ.

ಫೆಬ್ರವರಿ 27

ಹದಿನೈದು ದಿನ. ಏನೂ ಆಗಿಲ್ಲ. ಮುದ್ದೆ ತಿರುವುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಫೋನಿನಲ್ಲಿ ತಂಗಿಯ ಜೊತೆ ಕಿಲಕಿಲ ನಗುತ್ತಾಳೆ. ನಾಟಕವೇ. ನನಗೂ ನಗು ಬಂತು.

"ಏನತ್ತೆ, ಒಬ್ರೇ ನಗ್ತಾ ಇದ್ದೀರಿ?"

"ಏನಿಲ್ಲ ಕಣವ್ವ. ಮಾತ್ರೆ ತಗೊಂಡ್ಯಾ?"

"ಊಂ, ಆಗ್ಲೇ."

ಮಾರ್ಚ್ 18

ದೀಪಿಕ ಬಸುರಿ. ಖುಷಿಯಾಯಿತು, ಬರೆದುಕೊಳ್ಳಲು ನಾಚಿಕೆಯೇನು. ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ.

ಮಂಡ್ಯದ ಡಾಕ್ಟರಿಗೆ ತೋರಿಸಿ ರಕ್ತ ಕೊಡಬೇಕಂತೆ. ಮೂರು ತಿಂಗಳು ತುಂಬುವ ತನಕ ಸುದ್ದಿ ಹೊಸಿಲು ದಾಟಬಾರದು, ಆಮೇಲೆ ಹೋದರಾಯಿತು ಅಂದೆ. ಪಕ್ಕದ ಮನೆಯ ಸಣ್ಣತಾಯಮ್ಮನಿಗೆ ಮಾತ್ರ ಹೇಳಿದೆ. ಅವಳು ಹೊರಗಿನವಳಲ್ಲ.

"ಇಂಗ್ಲಿಸ್ ಮಾತ್ರೆ ಉಸ್ಣ ಕಣಮ್ಮ. ಬಸುರೀಗೆ ಕೊಡ್ಬ್ಯಾಡಿ," ಅಂದಳು.

ಕೊಡುತ್ತಿಲ್ಲವಲ್ಲ. ಮಾತ್ರೆ ತಪ್ಪಿದ್ದಕ್ಕೇ ಬಸಿರು ನಿಂತಿದೆ. ಬಾಟಲಿ ಹಾಗೇ ಇರಲಿ.

ಏಪ್ರಿಲ್ 14

ಹೊರಗೆ ಕಾಲಿಡಲಾಗದ ಬಿಸಿಲು. ಅವಳು ಸ್ವೆಟರ್ ಹಾಕಿಕೊಂಡು ಕೂತಿದ್ದಾಳೆ. ಮುಖ ಊದಿದೆ. ದನಿ ಒಡೆದಿದೆ. ಬಾಚಣಿಗೆ ತುಂಬ ಕೂದಲು.

"ಚಳಿ... ಆಯ್ತದೆ... ಅತ್ತೆ."

"ಚಳಿಯಲ್ಲ ಕಣವ್ವ, ಮೈಗಳ್ಳತನ. ಎದ್ದು ಕಸ ಗುಡಿಸು, ಬೆವರು ಬತ್ತದೆ."

ಎದ್ದಳು. ಗೋಡೆ ಹಿಡಿದುಕೊಂಡು ಗುಡಿಸಿದಳು. ಬೋರ್ಡಿನ ಮೇಲೆ ಬರೆಸುತ್ತಿದ್ದ ಲಕ್ಷಣಗಳು ಒಂದೊಂದಾಗಿ ನೆನಪಾದವು. ಬೇಡವೆಂದರೂ ನೆನಪಾದವು. ಬಸುರಿಯರಿಗೆ ಇದೆಲ್ಲ ಇದ್ದದ್ದೇ.

ಏಪ್ರಿಲ್ 29

ಹೋಯಿತು.

ಮೇ 2

ಮಂಡ್ಯದ ಡಾಕ್ಟರು ರಿಪೋರ್ಟನ್ನು ಸ್ವರೂಪ್ ಮುಂದೆ ತಳ್ಳಿದರು. ಥೈರಾಯ್ಡಿನ ಲೆಕ್ಕ ನಾಲ್ಕರೊಳಗೆ ಇರಬೇಕಿತ್ತು, ತೊಂಬತ್ತಾರು ಅಂದರು.

"ಎಷ್ಟು ದಿನದಿಂದ ಮಾತ್ರೆ ಬಿಟ್ಟಿದ್ದೀರಮ್ಮ?"

"ಬಿಟ್ಟಿಲ್ಲ ಮೇಡಂ. ಒಂದಿನಾನೂ ತಪ್ಸಿಲ್ಲ."

"ಸುಳ್ಳು ಹೇಳಬೇಡಿ. ಇಷ್ಟು ಏರಬೇಕಾದರೆ ತಿಂಗಳುಗಟ್ಟಲೆ ಬಿಟ್ಟಿರಬೇಕು. ಈಗ ನೋಡಿ, ಮಗುವನ್ನೂ ಕಳ್ಕೊಂಡ್ರಿ."

ದೀಪಿಕ ನನ್ನ ಕಡೆ ತಿರುಗಿದಳು. "ಅತ್ತೆ, ನೀವೇ ಯೋಳಿ. ದಿನಾ ನಿಮ್ಮೆದುರಿಗೇ ನುಂಗ್ತಿರ್ಲಿಲ್ವಾ?"

"ನಿನ್ನ ಬಾಯೊಳೀಕೆ ಇಣುಕಿ ನೋಡಿದ್ನೇನವ್ವ ನಾನು?"

ಅಷ್ಟೇ ಅಂದದ್ದು. ಮನೆಗೆ ಬಂದ ಮೇಲೆ ಸ್ವರೂಪ್ ಅವಳಿಗೆ, "ಒಟ್ಟೇಲಿದ್ದ ಮಗೀನ ನೀನೇ ತಿಂದ್ಕೊಂಡೆ," ಅಂದ. ಆಗಲೂ ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಮಗನೂ ಕೈತಪ್ಪುತ್ತಾನೆ. ನನಗೆ ಅವನೊಬ್ಬನೇ.

ಹೊಸ ಬಾಟಲಿ ತಂದಿದ್ದಾರೆ. ಅದನ್ನು ಮುಟ್ಟುವುದಿಲ್ಲ. ಹಳೆಯದನ್ನು ಬಿಸಾಡಬೇಕು. ಎಲ್ಲಿಟ್ಟಿದ್ದಾಳೋ, ಹುಡುಕಿದರೂ ಸಿಗುತ್ತಿಲ್ಲ.

ಮೇ 30

ನಾಲ್ಕು ವಾರ ನಿಜವಾದ ಮಾತ್ರೆ. ಊತ ಇಳಿದಿದೆ. ದನಿ ಬಂದಿದೆ. ನಡಿಗೆ ಚುರುಕಾಗಿದೆ. ಕಣ್ಣು ಕೂಡ. ಬೆನ್ನ ಹಿಂದೆ ನಿಂತು ಏನೋ ಯೋಚಿಸುತ್ತಿರುತ್ತಾಳೆ. ತಿರುಗಿದರೆ ಹೋಗಿಬಿಡುತ್ತಾಳೆ.

ಜೂನ್ 4, ಬೆಳಿಗ್ಗೆ 8

ಕಾಫಿ ತಂದುಕೊಟ್ಟಳು. ಅರ್ಧ ಕುಡಿದೆ.

"ಸಿಹಿ ಸಾಕಾ ಅತ್ತೆ?"

"ಸರಿಯಾಗೈತೆ."

"ನಿಮ್ಮ ಸಿಹಿ ಮಾತ್ರೆ ನೆನ್ನೇನೇ ಮುಗೀತು." ನೈಟಿಯ ಜೇಬಿನಿಂದ ತನ್ನ ಹಳೆಯ ಥೈರಾಯ್ಡ್ ಬಾಟಲಿ ತೆಗೆದು ನನ್ನ ಲೋಟದ ಪಕ್ಕ ಇಟ್ಟಳು. "ಇದ್ರಿಂದ ಎರಡು ಆಕ್ದೆ."

ಲೋಟ ದೂರ ಸರಿಸಿದೆ. ಅಳುತ್ತಾಳೆ, ಕೂಗಾಡುತ್ತಾಳೆ ಅಂದುಕೊಂಡೆ. ಬಾಟಲಿಯ ಮುಚ್ಚಳ ಬಿಗಿ ಮಾಡಿದಳು.

"ಸ್ವರೂಪಂಗೆ ಯೋಳ್ತೀಯಾ?"

"ಇಲ್ಲ ಬುಡಿ. ನನ್ನ ಮಾತ ಯಾರು ನಂಬ್ತಾರೆ?"

ಫ್ರಿಜ್ಜಿನಿಂದ ಇನ್ಸುಲಿನ್ ತಂದಳು. ನನ್ನೆದುರಿಗೇ ಸಿರಿಂಜಿಗೆ ಎಳೆದಳು.

"ಎಷ್ಟು ಎಳ್ದೆ ಕಣವ್ವ?"

"ಅದಿನೆಂಟು. ನೋಡ್ಕೊಳಿ." ಸಿರಿಂಜನ್ನು ನನ್ನ ಮುಖದ ಹತ್ತಿರ ಹಿಡಿದಳು. ಮಂಜಿನ ಹಾಗೆ ಬಿಳಿ. ಒಂದು ಗೆರೆಯೂ ಕಾಣಲಿಲ್ಲ. ಅದು ಅವಳಿಗೂ ಗೊತ್ತು.

ಜೂನ್ 5, ಬೆಳಿಗ್ಗೆ 7.05

ನಿನ್ನೆ ಏನೂ ಆಗಲಿಲ್ಲ. ಹದಿನೈದು ದಿನ ಅವಳಿಗೂ ಏನೂ ಆಗಿರಲಿಲ್ಲ.

ಇನ್ಸುಲಿನ್ ಹೆಚ್ಚಾದರೆ ಬೆವರು, ನಡುಕ, ಆಮೇಲೆ ಎಚ್ಚರ ತಪ್ಪುವುದು. ಸಿರಿಂಜಿನಲ್ಲಿ ಬರೀ ನೀರಾದರೆ ನಿಧಾನ — ಮೊದಲು ದಾಹ. ಇದನ್ನೂ ಮಕ್ಕಳಿಗೆ ಬರೆಸಿದ್ದೇನೆ. ಈಗ ದಾಹವಾಗುತ್ತಿದೆ. ಸೆಖೆಗೋ ಏನೋ. ಸಕ್ಕರೆ ಇವತ್ತು 140 ಅಂದಳು. ಮಿಷನ್ನಿನ ನಂಬರನ್ನು ಓದುವವಳೂ ಅವಳೇ.

ಸೂಜಿ ಚುಚ್ಚಲು ಬೇರೆ ಯಾರನ್ನಾದರೂ ಗೊತ್ತುಮಾಡು ಅಂತ ಸ್ವರೂಪ್‌ಗೆ ಫೋನ್ ಮಾಡಬಹುದು. ಯಾಕಮ್ಮ ಅನ್ನುತ್ತಾನೆ. ಯಾಕೆ ಅಂತ ಹೇಳಲಿ?

ಫ್ರಿಜ್ಜಿನ ಬಾಗಿಲು ಹಾಕಿದ ಸದ್ದು.

"ಅತ್ತೆ, ತೋಳು ಕೊಡಿ."

ಎಡ ತೋಳು. ಇನ್ಸುಲಿನ್ ...... ಯೂನಿಟ್.