ಅತ್ತೆ ಕೇಳಿದ ಪ್ರಶ್ನೆ

ಜೂನ್ 8, ಮಧ್ಯಾಹ್ನ
ಮಿಲ್ ಕಾರ್ಮಿಕರ ಸಾಲುಮನೆಗಳಿಗೆ ಕೊರೊನಾ ಸರ್ವೆಗೆಂದು ಇವತ್ತೂ ಹೋಗಿದ್ದೆ. ನಲವತ್ತು ಮನೆ, ಐದು ಭಾಷೆ. ಆರೋಗ್ಯ ಕೇಂದ್ರದವರು ಐದರಲ್ಲೂ ಕರಪತ್ರ ಮಾಡಿಸಿದ್ದಾರೆ. ಅದನ್ನು ಹಿಡಿದು "ಜ್ವರ ಇದೆಯಾ?" ಎಂದು ಕೇಳುತ್ತ ಹೋದೆ. ಇಲ್ಲ, ಇಲ್ಲ, ಇಲ್ಲ. ಕೊನೆಯ ಮನೆಯೊಳಗೆ ಗಂಡಸೊಬ್ಬ ಕೆಮ್ಮುತ್ತಿದ್ದ. ಹೆಂಡತಿ ನನ್ನ ಮುಖಕ್ಕೇ ಬಾಗಿಲು ಹಾಕಿದಳು. ಇಲ್ಲಿಂದ ಆಂಬುಲೆನ್ಸ್ ಹತ್ತಿದ ಇಬ್ಬರು ಹೆಣವಾಗಿ ಬಂದಿದ್ದಾರೆ, ಯಾರು ತಾನೇ ಬಾಯಿ ಬಿಡುತ್ತಾರೆ? ಆ ಕೆಮ್ಮು ಮಾತ್ರ ಕಿವಿಯಿಂದ ಹೋಗುತ್ತಿಲ್ಲ.

ಜೂನ್ 9, ಬೆಳಿಗ್ಗೆ 7
ಅತ್ತೆಗೆ ಹೇಳಿದೆ. ಮೂವತ್ತು ವರ್ಷ ಆ ಬೀದಿಗಳಲ್ಲೇ ತರಕಾರಿ ಗಾಡಿ ತಳ್ಳಿದವರು. ಓದು ಬರದು. ಐದು ಭಾಷೆಯಲ್ಲಿ ಚೌಕಾಸಿ ಬರುತ್ತದೆ, ಬೈಗುಳ ಇನ್ನೂ ಚೆನ್ನಾಗಿ.
"ಒಳ್ಳೆ ಪೊಲೀಸರ ಥರ ಕೇಳಿದ್ರೆ ಯಾರೇ ಹೇಳ್ತಾರೆ? ನಡಿ, ನಾನೂ ಬರ್ತೀನಿ."
ಬೇಡವೆಂದೆ. ನಿಜ ಹೇಳಬೇಕೆಂದರೆ ನಾಚಿಕೆ... ನಮ್ಮ ಕೇಂದ್ರದ ಸೂಪರ್‌ವೈಸರ್ ಮುಂದೆ ಇವರ ಬಾಯಿ! ಕೇಳುವ ಗಿರಾಕಿಯೇ? ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದಾರೆ.

ಅದೇ ದಿನ, ಸಂಜೆ
ಅಬ್ಬಬ್ಬಾ, ನಮ್ಮತ್ತೆ! ಜ್ವರದ ಸುದ್ದಿಯೇ ಎತ್ತಲಿಲ್ಲ. ಮನೆಮನೆಯಲ್ಲೂ ಅವರವರ ಭಾಷೆಯಲ್ಲಿ ಒಂದೇ ಪ್ರಶ್ನೆ — ಊಟ ಬಿಟ್ಟಿರೋದು ಯಾರು? ಅದನ್ನು ಯಾರೂ ಮುಚ್ಚಿಡಲಿಲ್ಲ. ಇವಳ ಮಗಳು, ಅವಳ ತಮ್ಮ... ಏಳು ಜನ ಸಿಕ್ಕರು.
ಕೊನೆಯ ಮನೆಯ ಹೊಸ್ತಿಲಲ್ಲಿ ಕೂತೇಬಿಟ್ಟರು. ಅರ್ಧ ಗಂಟೆಗೆ ಬಾಗಿಲು ತೆರೆಯಿತು. ಗಂಡ ಮೂರು ದಿನದಿಂದ ಅನ್ನ ಮುಟ್ಟಿಲ್ಲ. ಬೆರಳಿಗೆ ಮೀಟರ್ ಹಾಕಿದರೆ ಆಕ್ಸಿಜನ್ 84. ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಅತ್ತೆ ಅವಳಿಗೆ ಏನೋ ಹೇಳಿದರು, ಅವಳು ಕಳಿಸಲು ಒಪ್ಪಿದಳು.
ಆಂಬುಲೆನ್ಸ್ ಹೋದ ಮೇಲೆ ಕೇಳಿದೆ, ಏನಂದ್ರಿ ಅಂತ.
"ಅವನು ಬರೋವರೆಗೂ ದಿನಾ ಬಂದು ನಿನ್ನ ಬಾಗಿಲಲ್ಲಿ ಕೂರ್ತೀನಿ. ಬರದಿದ್ರೆ ನನ್ನ ಮುಖಕ್ಕೆ ಉಗಿ ಅಂದೆ."

ಜೂನ್ 17
ಎಂಟು ದಿನ ಬರೆಯಲಾಗಲಿಲ್ಲ. ಅತ್ತೆ ಒಂದು ದಿನವೂ ತಪ್ಪಿಸಿಲ್ಲ. ಹನ್ನೆರಡರಂದು ಅವನನ್ನು ಐಸಿಯುಗೆ ಹಾಕಿದರು. ಅವತ್ತೂ ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿ ಬಂದರು. ನನಗಾಗಿದ್ದರೆ ಆ ಧೈರ್ಯ ಬರುತ್ತಿರಲಿಲ್ಲ.

ಜೂನ್ 21, ಬೆಳಿಗ್ಗೆ 10
ಬಂದ! ತನ್ನ ಕಾಲ ಮೇಲೇ ನಡೆದು ಬಂದ. ಬೀದಿಗೆ ಬೀದಿಯೇ ಹೊರಗೆ.
"ಯಾರ್ರೀ ಆ ಅಜ್ಜಿ, ಯಾವ ಇಲಾಖೆ?" ಎಂದರು ಸೂಪರ್‌ವೈಸರ್.
"ನಮ್ಮತ್ತೆ ಸಾರ್!" ಎಂದೆ. ದನಿ ಸ್ವಲ್ಪ ಜೋರಾಯಿತು, ಆಗಲಿ.
ಯಾರೂ ಕರೆಯದೆ ಮೂವತ್ತೊಂದು ಜನ ಟೆಸ್ಟ್‌ಗೆ ಸಾಲು ನಿಂತಿದ್ದಾರೆ. ಎಲ್ಲರಿಗಿಂತ ಮುಂದೆ ಅವನ ಹೆಂಡತಿ, ಮಾಸ್ಕ್ ಇಳಿಸಿ, ಮೂಗು ಮುಂದೆ ಮಾಡಿ. ಅತ್ತೆ ಕೂಗುತ್ತಿದ್ದಾರೆ, "ಬರೀತಾ ಕೂತ್ಯೇನೇ? ಜನ ಕಾಯ್ತಿದಾರೆ!"
ಬಂದೆ ಅತ್ತೆ, ಬಂ—