ಮೂರನೆಯ ಅರ್ಜಿ

ನ್ಯೂ ಕಾರ್ಲೈಲ್, ಕ್ವಿಬೆಕ್
೧೮ ಮೇ ೨೦೧೪, ಭಾನುವಾರ

ಪ್ರೀತಿಯ ತಮ್ಮ ವೆಂಡೆಲ್‌ಗೆ,

ನೀನು, ಟ್ರೇಸಿ, ಪುಟಾಣಿ ಎಲ್ಲರೂ ಗಟ್ಟಿಮುಟ್ಟಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಬಿಡುವಿರಲಿಲ್ಲ ಎಂದರೆ ಸುಳ್ಳಾದೀತು. ಪೆನ್ನು ಹಿಡಿದಾಗಲೆಲ್ಲ ಮೈ ಭಾರವಾಗಿ, ನಾಳೆ ಬರೆದರಾಯಿತು ಎಂದು ಎದ್ದುಬಿಡುತ್ತಿದ್ದೆ.

ಕೊಲ್ಲಿಯ ಮಂಜುಗಡ್ಡೆ ಕರಗಿ ಮೂರು ವಾರವಾಯಿತು. ನೆಲವೂ ಸಡಿಲಾಗಿದೆ. ಅಪ್ಪನ ಮಣ್ಣು ಈ ತಿಂಗಳ ಮೂವತ್ತೊಂದು, ಶನಿವಾರ ಎಂದು ಪಾದ್ರಿಗಳು ಗೊತ್ತುಮಾಡಿದ್ದಾರೆ. ನೆಲ ಹೆಪ್ಪುಗಟ್ಟಿ ಗುಂಡಿ ತೋಡಲಾಗದೆ, ಫೆಬ್ರವರಿಯಿಂದ ಶವಪೆಟ್ಟಿಗೆ ಚರ್ಚಿನ ಪಕ್ಕದ ಕಲ್ಲುಕೋಣೆಯಲ್ಲೇ ಇದೆ. ಆಗ ಹಿಮದ ಬಿರುಗಾಳಿಗೆ ವಿಮಾನ ನಿಂತು ನಿನಗೆ ಬರಲಾಗಲಿಲ್ಲ. ಈ ಸಲ ಹೇಗಾದರೂ ಬಾ.

ಇನ್ನೊಂದು ಸುದ್ದಿ. ನನಗೆ ವೈದ್ಯಕೀಯದಲ್ಲಿ ಸೀಟು ಸಿಕ್ಕಿತು. ಫ್ರೆಂಚ್ ಕಾಲೇಜಿನಲ್ಲಿ.

ಮಾಂಟ್ರಿಯಲ್‌ನ ಇಂಗ್ಲಿಷ್ ಕಾಲೇಜಿನವರು ಬೇಡವೆಂದದ್ದು ನಿನಗೆ ಗೊತ್ತು. ಆಮೇಲೆ ಫ್ರೆಂಚಿನವರಿಗೆ ಹಾಕಿದ ಅರ್ಜಿ ಭಾಷೆಯ ಪರೀಕ್ಷೆಯಲ್ಲೇ ಬಿದ್ದುಹೋಯಿತು. ಹತ್ತು ವರ್ಷದಿಂದ ನರ್ಸಾಗಿ ರೋಗಿಗಳೊಡನೆ ಫ್ರೆಂಚಿನಲ್ಲೇ ಒದ್ದಾಡುತ್ತಿರುವವಳು ನಾನು. ನನ್ನನ್ನೇ ನಪಾಸು ಮಾಡಿದರಲ್ಲ ಎಂದು ಅಳುತ್ತ ಪಕ್ಕದ ಮನೆಯ ಹುಗೆಟ್ ಅವರ ಹತ್ತಿರ ಹೋದೆ. ಅವರು ನಿವೃತ್ತ ಶಿಕ್ಷಕಿ, ಬಾಯಿಗೆ ಬೀಗವಿಲ್ಲ.

"ನಿಂದು ಬಂದರಿನ ಫ್ರೆಂಚು ಕಣೇ. ಮೀನು ಮಾರೋಕೆ ಸಾಕು, ಮನುಷ್ಯರ ಹೊಟ್ಟೆ ಕೊಯ್ಯೋಕೆ ಸಾಲಲ್ಲ. ನಾಳೆಯಿಂದ ಬಾ," ಎಂದರು.

ಎರಡು ಚಳಿಗಾಲ ಅವರ ಅಡುಗೆಮನೆಯಲ್ಲಿ ಕೂತೆ. ಡ್ಯೂಟಿ ಮುಗಿಸಿ ಹೋದರೆ ಬಟಾಣಿ ಸಾರು ಕೊಟ್ಟು, ಚಮಚ ಬಾಯಲ್ಲಿರುವಾಗಲೇ ಕ್ರಿಯಾಪದ ಕೇಳುತ್ತಿದ್ದರು. ಮನೆಗೆ ಬಂದರೆ ಅಪ್ಪನ ಕುಚೋದ್ಯ ಬೇರೆ. ಮೂವತ್ತೆಂಟು ವರ್ಷ ರೈಲ್ವೆಯಲ್ಲಿ ದುಡಿದು 'ನಮಸ್ಕಾರ' ಒಂದು ಬಿಟ್ಟರೆ ಫ್ರೆಂಚಿನ ಇನ್ನೊಂದು ಪದ ಕಲಿಯದ ಮನುಷ್ಯ ಅವರು. "ಏನ್ ಡಾಕ್ಟ್ರಮ್ಮ, ಊಟಕ್ಕೆ ಕೂತಾಗಲಾದ್ರೂ ನಮ್ ಇಂಗ್ಲಿಷ್ ಮಾತಾಡ್ತೀಯೋ, ಇಲ್ಲ ದುಭಾಷಿನ ಕರೆಸ್ಲೋ?" ಎನ್ನುತ್ತಿದ್ದರು. ಆದರೆ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಮಾತ್ರ "ನನ್ ಮಗಳು ಅವರ ಭಾಷೇಲೇ ಡಾಕ್ಟ್ರಾಗ್ತಾಳೆ" ಎಂದು ಹೇಳಿಕೊಂಡು ತಿರುಗುತ್ತಿದ್ದರಂತೆ. ಇದು ಅವರು ಹೋದಮೇಲೆ ಗೊತ್ತಾದದ್ದು.

ಅದೇ ಫ್ರೆಂಚಿನವರಿಗೆ ಮತ್ತೆ ಹಾಕಿದ ಮೂರನೆಯ ಅರ್ಜಿಯ ಸಂದರ್ಶನ ಮಾರ್ಚಿನಲ್ಲಿತ್ತು. ಅಪ್ಪ ತೀರಿಕೊಂಡು ಐದು ವಾರ. ಹೋಗುವುದೇ ಬೇಡವೆಂದಿದ್ದೆ. ಹುಗೆಟ್ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿ, "ಅಳೋದಾದ್ರೆ ದಾರೀಲಿ ಅಳು, ಏಳು ಗಂಟೆ ದಾರಿ ಇದೆ," ಎಂದರು.

ಅಲ್ಲಿ ಎಂಟು ಕೋಣೆ, ಒಂದೊಂದರಲ್ಲಿ ಏಳು ನಿಮಿಷ, ಗಂಟೆ ಹೊಡೆದರೆ ಮುಂದಿನದಕ್ಕೆ. ಮಿಕ್ಕವರೆಲ್ಲ ಇಪ್ಪತ್ತರ ಆಸುಪಾಸಿನವರು. ಮೂವತ್ತಮೂರರ ನನ್ನನ್ನು ಒಬ್ಬಳು ಸಿಬ್ಬಂದಿಯೆಂದುಕೊಂಡು ಶೌಚಾಲಯ ಎಲ್ಲಿದೆಯೆಂದು ಕೇಳಿದಳು. ಒಂದು ಕೋಣೆಯಲ್ಲಿ ನಟನೊಬ್ಬ ಕಣ್ಣು ಮಂಜಾದ ಮುದುಕನಾಗಿ ಕೂತಿದ್ದ; ಇನ್ನು ಕಾರು ಓಡಿಸಬೇಡಿ ಎಂದು ಅವನನ್ನು ನಾನು ಒಪ್ಪಿಸಬೇಕು. "ಕೀಲಿ ಕೊಟ್ರೆ ನಂಗೇನು ಉಳಿಯತ್ತಮ್ಮ?" ಎಂದ. ಕಲಿತ ವ್ಯಾಕರಣವೆಲ್ಲ ಮರೆತುಹೋಯಿತು. ಬಂದರಿನ ಫ್ರೆಂಚಿನಲ್ಲೇ, "ಏನೂ ಉಳಿಯಲ್ಲ ತಾತ. ಒಂದೆರಡು ದಿನ ನನ್ನ ಬೈಕೊಳ್ಳಿ, ಆಮೇಲೆ ಮಾತಾಡೋಣ," ಎಂದೆ. ಅವನು ಪಾತ್ರ ಮರೆತು ನಕ್ಕುಬಿಟ್ಟ.

ಕೊನೆಯ ಕೋಣೆಯಲ್ಲಿ ಒಬ್ಬ ಹೆಂಗಸು, "ಇಂಗ್ಲಿಷ್ ಕಾಲೇಜು ಇರುವಾಗ ಇಲ್ಲಿಗೇಕೆ ಬಂದಿರಿ?" ಎಂದು ಕೇಳಿದರು. ನಮ್ಮ ಕರಾವಳಿಯ ರೋಗಿಗಳ ಸೇವೆ ಎಂದೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಆದರೆ ಹೊರಬಿದ್ದದ್ದು ಬೇರೆ. "ಅವರು ನನ್ನನ್ನ ಬೇಡ ಅಂದ್ರು. ನೀವೂ ಒಂದ್ಸಲ ಬೇಡ ಅಂದ್ರಿ. ನಂಗೆ ಬೇರೆ ಬಾಗಿಲಿಲ್ಲ." ಅವರು ಬರೆದುಕೊಂಡರು.

ಮೊನ್ನೆ ಮಂಗಳವಾರ ಗಾಯದ ಪಟ್ಟಿ ಬದಲಿಸುತ್ತಿರುವಾಗ ಫೋನಿಗೆ ಸಂದೇಶ ಬಂತು. ಹುಗೆಟ್ ಅದನ್ನು ಎರಡು ಸಲ ಓದಿ, "ಇವರೇ ಒಂದು ಕಾಗುಣಿತ ತಪ್ಪು ಮಾಡಿದ್ದಾರೆ," ಎಂದು ಕಣ್ಣೊರೆಸಿಕೊಂಡರು. ನನಗೆ ಕುಣಿಯಬೇಕೆನಿಸಲಿಲ್ಲ. ಮನೆಗೆ ಹೋಗಿ ಬೂಟು ಕೂಡ ಬಿಚ್ಚದೆ ನಾಲ್ಕು ಗಂಟೆ ಮಲಗಿದೆ. ಎದ್ದು, ಬರುತ್ತೇನೆಂದು ಉತ್ತರ ಕಳಿಸಿದೆ. ಆಗಸ್ಟಿನಲ್ಲಿ ಹೊರಡಬೇಕು.

ಪುಟಾಣಿಗೆ ಮುತ್ತು. ಟ್ರೇಸಿಯ ಬೆನ್ನುನೋವಿಗೆ ಬಿಸಿನೀರಿನ ಶಾಖ ಕೊಡಲಿ, ಮಾತ್ರೆ ಹೆಚ್ಚು ಬೇಡ. ನೀನು ಹುಷಾರಾಗಿ ಬಾ, ತಮ್ಮ. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ರೋಂಡಾ

ಮರೆತ ಮಾತು: ಅಪ್ಪ ಕೊನೆಗೆ ಏನಾದರೂ ಹೇಳಿದರೇ ಎಂದು ನೀನು ಫೋನಿನಲ್ಲಿ ಕೇಳಿದ್ದೆ. ನಿದ್ದೆಯಲ್ಲೇ ಹೋದರು ಎಂದಿದ್ದೆ. ಅದು ಸುಳ್ಳು. ಅಂದು ನನ್ನ ಪಾಳಿ ಮುಗಿಸಿ, ಅದೇ ಸಮವಸ್ತ್ರದಲ್ಲಿ, ನಮ್ಮ ಆಸ್ಪತ್ರೆಯಲ್ಲೇ ಇದ್ದ ಅವರ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಅವರು ಏನೋ ಕೇಳಿದರು. ನಿದ್ದೆಗಣ್ಣಿನಲ್ಲಿ, ಬೇರೆ ರೋಗಿಗಳಿಗೆ ಹೇಳುವ ಹಾಗೆಯೇ, "ಹೇಗಿದ್ದೀರಿ ಸರ್, ಏನು ಬೇಕಿತ್ತು?" ಎಂದುಬಿಟ್ಟೆ. ಫ್ರೆಂಚಿನಲ್ಲಿ. ಅವರು ನನ್ನ ಮುಖವನ್ನೇ ನೋಡಿ, ತುಂಬ ಮರ್ಯಾದೆಯಿಂದ, "ತಪ್ಪು ತಿಳ್ಕೋಬೇಡಿ ತಾಯಿ, ನಂಗೆ ಫ್ರೆಂಚ್ ಬರಲ್ಲ. ನನ್ ಮಗಳು ಇಲ್ಲೇ ಕೆಲಸ ಮಾಡ್ತಾಳೆ, ಒಂಚೂರು ಅವಳನ್ನ ಕರೀತೀರಾ?" ಎಂದರು. ಅಪ್ಪ, ನಾನೇ, ರೋಂಡಾ ಎಂದೆ. ನಮ್ಮ ಮಾತಿನಲ್ಲೇ ಎಂದೆ, ಕೈ ಹಿಡಿದು ಮೂರು ನಾಲ್ಕು ಸಲ ಎಂದೆ. ಪ್ರಾಣ ಹೋಗುವವರೆಗೂ ಅವರು ಬಾಗಿಲ ಕಡೆಗೇ ನೋಡುತ್ತಿದ್ದರು.